ತಂದೆ ಇರುವವರು ಸೇದುವುದಿಲ್ಲ

ನನ್ನ ಗಂಡ ಸಿಗರೇಟು ಸೇದುತ್ತಾರೆ ಅನ್ನುವುದು ಹಳೇಬೀಡಿನಲ್ಲಿ ಯಾರಿಗೆ ಗೊತ್ತಿರಲಿಲ್ಲ? ದೇವಸ್ಥಾನದ ಮುಂದೆ ಎಳನೀರು ಮಾರುವವನಿಗೆ ಗೊತ್ತು, ಬೇಲೂರು ಬಸ್ಸಿನ ಕಂಡಕ್ಟರಿಗೆ ಗೊತ್ತು, ನಾನು ಪಾಠ ಹೇಳುವ ಶಾಲೆಯ ಮಕ್ಕಳಿಗೂ ಗೊತ್ತು. ಗೊತ್ತಿಲ್ಲದ ಹಾಗೆ ಇದ್ದವರು ನಮ್ಮ ಮಾವ ಒಬ್ಬರೇ. ಅವರು ನಿವೃತ್ತ ಹೆಡ್‌ಮಾಸ್ಟರು. ಮಗ ಬಚ್ಚಿಡಬೇಕು, ಅಪ್ಪ ಕಂಡರೂ ಕಾಣದವರಂತೆ ಇರಬೇಕು. ಇದಕ್ಕೆ ನಮ್ಮ ಕಡೆ ಮರ್ಯಾದೆ ಅನ್ನುತ್ತಾರೆ. ಈ ಮರ್ಯಾದೆಯ ಹೆಸರೆತ್ತಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಇವರು ಬೇಲೂರಿನ ಒಂದು ಆಫೀಸಿನಲ್ಲಿ ಗುಮಾಸ್ತರು. ಸಂಜೆ ಬಸ್ಸಿಳಿದು ಹಿಂದಿನ ಓಣಿಯಲ್ಲಿ ನಿಂತು ಒಂದು ಸೇದಿ, ಬಾಯಿಗೆ ಲವಂಗ ಹಾಕಿಕೊಂಡು, ಹಿತ್ತಿಲ ಬಾಗಿಲಿಂದ ನೇರ ಬಚ್ಚಲಿಗೆ ನುಗ್ಗುತ್ತಿದ್ದರು. ಮಗಳ ಮದುವೆ ಮಾಡಿ ಮುಗಿಸಿದ, ತಲೆ ನರೆತ ಮನುಷ್ಯ, ಸ್ವಂತ ಮನೆಗೆ ಕಳ್ಳನ ಹಾಗೆ ಬರುವುದು! ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಮಾವ ಬಚ್ಚಲ ನೀರಿನ ಸದ್ದು ಕೇಳಿ "ಬಂದ್ಯೇನೋ" ಅನ್ನುವರು. ಇವರು ಒಳಗಿನಿಂದಲೇ ಹೂಂಗುಟ್ಟುವರು. ನಾನು ಮದುವೆಯಾಗಿ ಬಂದಾಗಿನಿಂದ ನಡೆದ ನಾಟಕ ಇದು.

ದೇವರ ದರ್ಶನಕ್ಕೆ ಅಂತ ಅರಸೀಕೆರೆ ಹತ್ತಿರದ ಮಾಲೇಕಲ್ಲು ಬೆಟ್ಟ ಹತ್ತುವಾಗ ಒಂದು ಸಲ ಅರ್ಧ ದಾರಿಯಲ್ಲಿ ಇವರು ಎದೆ ಹಿಡಿದುಕೊಂಡು ಕೂತುಬಿಟ್ಟರು. ಎಂಬತ್ತರ ಹತ್ತಿರದ ಮಾವ ಮೇಲಿನ ಮೆಟ್ಟಿಲಲ್ಲಿ ನಿಂತು, "ಕುರ್ಚಿ ಮೇಲೆ ಕೂತು ಕೂತು ಹಿಂಗಾಗಿದೆ ಕಣೋ ನಿನಗೆ" ಅಂದರು. ಹಾಸನದ ಡಾಕ್ಟರು ಎಕ್ಸ್‌ರೇ ನೋಡಿ ಇವರ ಮುಖ ನೋಡಿದರು. "ಬಿಟ್ಟರೆ ಉಳ್ಕೋತೀರಿ. ಬಿಡಲ್ಲ ಅನ್ನೋದಾದ್ರೆ ಇನ್ನು ಬರಬೇಡಿ" ಅಂದರು.

ಇವರು ಬಿಡಲು ಒದ್ದಾಡಲಿಲ್ಲ ಅಂತ ನಾನು ಹೇಳಲಾರೆ. ಬಿಟ್ಟ ಎರಡೇ ದಿನಕ್ಕೆ ನಿದ್ದೆ ಹತ್ತದಿರುವುದು, ಸಾರಿಗೆ ಉಪ್ಪು ಸಾಲದು ಅಂತ ತಟ್ಟೆ ತಳ್ಳುವುದು. "ಏನಾಗಿದೆಯಮ್ಮ ಇವನಿಗೆ?" ಅಂತ ಮಾವ ಕೇಳಿದರೆ ಏನು ಹೇಳೋಣ? ಸಿಗರೇಟು ಬಿಡುತ್ತಿದ್ದಾರೆ ಅಂದರೆ ಇಷ್ಟು ದಿನ ಸೇದುತ್ತಿದ್ದರು ಅಂತಾಯಿತಲ್ಲ! "ಪಿತ್ತ" ಅಂದೆ. ಮಾವ ಶುಂಠಿ ಕಷಾಯ ಮಾಡಿಸಿದರು. ಇವರು ಕಷಾಯ ಕುಡಿದು, ಮೂತಿ ಒರೆಸಿಕೊಂಡು, ಓಣಿಗೆ ಹೋದರು. ಅಲ್ಲಿಗೆ ಬಿಡುವ ಕೆಲಸ ಮುಗಿಯಿತು.

ಅಂಥ ಹೊತ್ತಿನಲ್ಲಿ ಊರಿಗೆ ಸಂಶೋಧನೆಯವರು ಬಂದರು. ಯಾರು ಸೇದುತ್ತಾರೆ, ಯಾಕೆ ಸೇದುತ್ತಾರೆ, ಬಿಡಲು ಏನು ಅಡ್ಡಿ ಅಂತ ಮನೆಮನೆಗೆ ಹೋಗಿ ಕೇಳುವುದು. ಸೇದುವವರನ್ನು ವಾರವಾರ ಅರಸೀಕೆರೆಗೆ ಕರೆಸಿ, ಮಾತಾಡಿಸಿ, ಔಷಧಿ ಕೊಟ್ಟು ಬಿಡಿಸುವುದು. ಇವರೂ ಆ ಸುದ್ದಿ ಕೇಳಿ, "ಅಲ್ಲಿಗೆ ಸೇರಿದ್ರೆ ಆಗಬಹುದು ಕಣೇ" ಅಂದಿದ್ದರು. ನನಗೆ ಹೋದ ಜೀವ ಬಂದ ಹಾಗಾಯಿತು.

ಭಾನುವಾರ ಬೆಳಿಗ್ಗೆ ಒಬ್ಬ ಹುಡುಗಿ ಟ್ಯಾಬ್ ಹಿಡಿದುಕೊಂಡು ಬಂದು ಜಗಲಿಯಲ್ಲಿ ಕೂತಳು. ಈ ಕಡೆ ಕುರ್ಚಿಯಲ್ಲಿ ಮಾವ, ಆ ಕಡೆ ಕಂಬಕ್ಕೆ ಒರಗಿ ಇವರು.

"ಸರ್, ನೀವು ಬೀಡಿ, ಸಿಗರೇಟು ಸೇದ್ತೀರಾ?" ಅಂತ ಇವರನ್ನು ಕೇಳಿದಳು.

"ಛೆ ಛೆ, ಇಲ್ಲಮ್ಮ."

"ಮುಂಚೆ ಯಾವತ್ತಾದ್ರೂ?"

"ನನಗೆ ವಾಸನೇನೇ ಆಗಲ್ಲ."

ನಾನು ಕಾಫಿಯ ನೆಪದಲ್ಲಿ ಆ ಹುಡುಗಿಯನ್ನು ಒಳಗೆ ಕರೆದೆ. "ಅವರನ್ನ ಆಚೆ ಕರ್ಕೊಂಡ್ಹೋಗಿ ಕೇಳಮ್ಮ. ಅಪ್ಪನ ಎದುರಿಗೆ ಯಾವ ಗಂಡಸು ಹೂಂ ಅಂತಾನೆ?" ಅಂದೆ. "ಅವರೇ ಹೇಳಬೇಕು ಮೇಡಂ, ಬೇರೆಯವರು ಹೇಳಿದ್ದನ್ನ ತಗೊಳ್ಳೋ ಹಾಗಿಲ್ಲ. ಮಧ್ಯಾಹ್ನದೊಳಗೆ ಈ ಬೀದಿ ಮುಗಿಸಬೇಕು" ಅಂತ ಕಾಫಿ ಕುಡಿದು ಪಕ್ಕದ ಮನೆಗೆ ನಡೆದಳು. ಅಲ್ಲೂ ಜಗಲಿ, ಅಲ್ಲೂ ಒಬ್ಬ ಅಪ್ಪ.

ಕೆಲವು ತಿಂಗಳಾದ ಮೇಲೆ ಆ ಸಂಶೋಧನೆಯವರು ಸಮುದಾಯ ಭವನದಲ್ಲಿ ಸಭೆ ಮಾಡಿದರು. ಕೋಟು ಹಾಕಿದವರೊಬ್ಬರು ಎದ್ದು ನಿಂತು, ಈ ಊರಿನಲ್ಲಿ ತಂದೆಯ ಜೊತೆ ಒಂದೇ ಮನೆಯಲ್ಲಿ ಇರುವ ಗಂಡಸರು ಹೆಚ್ಚಾಗಿ ಸೇದುವುದಿಲ್ಲ, ಹಿರಿಯರು ಇರುವ ಮನೆಯೇ ದೊಡ್ಡ ಔಷಧಿ ಅಂತ ಕಂಡುಬಂದಿದೆ ಅಂದರು. ಜನ ಚಪ್ಪಾಳೆ ತಟ್ಟಿದರು. ಅಂಥ ಹಿರಿಯರೆಲ್ಲರ ಪರವಾಗಿ ಅಂತ ಮಾವನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಆ ಕೋಟಿನವರ ಮಾತು ನಂಬಿದರೆ ನಮ್ಮ ಬೀದಿಯಲ್ಲಿ ಸೇದುವವರೆಲ್ಲ ಅಪ್ಪ ತೀರಿಹೋದವರು! ಓದಿದವರಿಗೆ ಇಷ್ಟೂ ತಿಳಿಯುವುದಿಲ್ಲವೇ? ಹಿಂತಿರುಗಿ ನೋಡಿದೆ, ನನ್ನ ಗಂಡನ ಕುರ್ಚಿ ಖಾಲಿ. ಭವನದ ಹಿಂದಿನಿಂದ ಅವರ ಕೆಮ್ಮು ಕೇಳುತ್ತಿತ್ತು.

ಮಾರನೇ ದಿನ ಶಾಲೆಗೆ ರಜೆ ಹಾಕಿ ಅರಸೀಕೆರೆ ಬಸ್ಸು ಹತ್ತಿದೆ. ಆ ಔಷಧಿ ಕೊಡುವ ಕೋಣೆಯಲ್ಲಿ ಕೂತಿದ್ದವನು ಸಮಾಧಾನವಾಗಿಯೇ ಮಾತಾಡಿದ. "ಅವರೇ ಸೇದಲ್ಲ ಅಂದಿದ್ದಾರಲ್ಲ ಮೇಡಂ. ಸೇದದೇ ಇರೋರಿಗೆ ಬಿಡಿಸೋದು ಹೇಗೆ? ಇನ್ನೊಂದು ಸಲ ಮನೆಮನೆಗೆ ಬರ್ತೀವಿ. ಆಗ ಹೇಳಿದ್ರೆ ಸೇರಿಸ್ಕೋತೀವಿ. ಆಮೇಲೆ ಹೊಸಬರನ್ನ ತಗೊಳ್ಳಲ್ಲ."

"ಬೇರೆ ಜಾಗದಲ್ಲಿ ಕೇಳ್ತೀರಾ?"

"ಮನೆಯಲ್ಲೇ ಕೇಳೋದು."

ವಾಪಸು ಬಂದಾಗ ಮಾವ ಜಗಲಿಯಲ್ಲೇ ಇದ್ದರು. ಶಾಲನ್ನು ಮಡಚಿ ಪಕ್ಕದಲ್ಲಿ ಇಟ್ಟುಕೊಂಡಿದ್ದರು. ಅವರ ಎದುರಿಗೆ ನಾನು ಯಾವತ್ತೂ ದನಿ ಎತ್ತಿದವಳಲ್ಲ, ಅವತ್ತು ತಡೆಯಲಾಗಲಿಲ್ಲ. "ಮಾವ, ನಿಮ್ಮ ಮಗ ಸಿಗರೇಟು ಸೇದ್ತಾರೆ" ಅಂದೆ.

ಅವರು ಕನ್ನಡಕ ತೆಗೆದರು. "ಗೊತ್ತು ಕಣಮ್ಮ. ದಿನಾ ಸಂಜೆ ಲವಂಗದ ಘಾಟು ಬಂದ್ರೆ ಯಾರಿಗೆ ತಾನೇ ಗೊತ್ತಾಗಲ್ಲ? ನನ್ನ ಎದುರಿಗೆ ಸೇದಲಿಲ್ಲವಲ್ಲ, ಅಷ್ಟು ಮರ್ಯಾದೆ ಇಟ್ಕೊಂಡಿದ್ದಾನೆ ಅಂತ ಸುಮ್ಮನಿದ್ದೆ."

"ನಿಮ್ಮ ಎದುರಿಗೆ ಅವರು ಸೇದೋದೇ ಇಲ್ಲ ಅಂದ್ಮೇಲೆ ಬಿಡೋದು ಹೇಗೆ ಮಾವ? ಮರ್ಯಾದೆ ಉಳಿಸ್ಕೊಂಡು ಮಗನ್ನ ಕಳ್ಕೊಳ್ತೀರಾ?" ಡಾಕ್ಟರು ಹೇಳಿದ್ದನ್ನೂ ಅರಸೀಕೆರೆಯವನು ಹೇಳಿದ್ದನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಮಾವ ಕನ್ನಡಕ ಹಾಕಿಕೊಂಡು ಪೇಪರ್ ಎತ್ತಿಕೊಂಡರು. ರಾತ್ರಿ ಊಟಕ್ಕೆ ಮಜ್ಜಿಗೆ ಅನ್ನ ಸಾಕು ಅಂದರು.

ಆ ಹುಡುಗಿ ಮತ್ತೆ ಬಂದಳು, ಅದೇ ಟ್ಯಾಬ್, ಅದೇ ಜಗಲಿ. ಇವರು ಕಂಬಕ್ಕೆ ಒರಗಿ, ಆಗಲೇ ಇಲ್ಲ ಅನ್ನುವ ಮುಖ ಮಾಡಿಕೊಂಡಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ. ಹುಡುಗಿ ಬಾಯಿ ತೆರೆಯುವ ಮೊದಲೇ ಮಾವ, "ಸೇದ್ತಾನೆ, ಬರ್ಕೊಳಮ್ಮ" ಅಂದರು.

"ಅವರೇ ಹೇಳಬೇಕು ತಾತ" ಅಂದಳು ಪುಣ್ಯಾತ್ಗಿತ್ತಿ.

ಇವರ ಮುಖ ಸುಣ್ಣ ಬಳಿದ ಹಾಗಾಗಿತ್ತು. ಮಾವ ನಿಧಾನವಾಗಿ ಎದ್ದರು. ಒಳಗೆ ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಕುರ್ಚಿಯನ್ನು ಎಳೆದು, ಮಗನಿಗೆ ಬೆನ್ನು ಮಾಡಿ, ಬೀದಿಯ ಕಡೆಗೆ ತಿರುಗಿಸಿಕೊಂಡು ಕೂತರು. "ಎದ್ದು ಹೋದ್ರೆ ಮತ್ತೆ ಬಚ್ಚಿಟ್ಟ ಹಾಗೇ ಆಯ್ತು. ನಾನು ಬೀದಿ ನೋಡ್ತಿರ್ತೀನಿ. ಈಗ ಹೇಳೋ" ಅಂದರು.

ಹುಡುಗಿ ಕೇಳಿದಳು. ಇವರು ಅಪ್ಪನ ಬೆನ್ನನ್ನೇ ನೋಡುತ್ತಾ ನಿಂತರು. ಆಮೇಲೆ ಏನೋ ಗೊಣಗಿದರು.

"ಸ್ವಲ್ಪ ಜೋರಾಗಿ ಹೇಳಿ ಸರ್."

"ಸೇದ್ತೀನಿ. ಬಿಡಬೇಕು ಅಂತಿದ್ದೀನಿ, ಆಗ್ತಾ ಇಲ್ಲ."

ಅಷ್ಟು ಹೇಳಿ ಜಗಲಿಯ ಮೇಲೆ ಕೂತರು. ಹುಡುಗಿ ಟ್ಯಾಬಿನಲ್ಲಿ ಒತ್ತಿಕೊಂಡು, ಯಾವ ವಾರ ಅರಸೀಕೆರೆಗೆ ಬರಬೇಕು ಅಂತ ಹೇಳಿ ಹೋದಳು. ಮಾವ ಕುರ್ಚಿ ತಿರುಗಿಸಲಿಲ್ಲ. ಬೀದಿಯನ್ನೇ ನೋಡುತ್ತಾ, "ನಾಳೆಯಿಂದ ಮುಂದಿನ ಬಾಗಿಲಲ್ಲಿ ಬಾರೋ" ಅಂದರು.

ನನಗೆ ಅಳು ಬಂತು. ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಈ ಒಂದು ಮಾತನ್ನು ಇವರು ಹುಡುಗರಾಗಿದ್ದಾಗಲೇ ಮಾವ ಹೇಳಬಾರದಿತ್ತೇ?