ಸುಶೀಲತ್ತೆಯ ಹಿಂದಿನ ಸೀಟು

ಬಾಡಿಗೆ ಟೆಂಪೋದ ಮುಂದಿನ ಸೀಟನ್ನು ಯಾರಾದರೂ ಬಿಟ್ಟುಕೊಟ್ಟರೆ ಸುಶೀಲತ್ತೆಗೆ ಅವಮಾನವಾದಂತೆ ಆಗುತ್ತಿತ್ತು. “ಮುಂದೆ ಕೂತು ನಾ ಎಂತ ಮಾಡೂದು, ರಸ್ತೆ ಕಾಯೂದಾ?” ಎಂದು ಹಿಂಬಾಗಿಲಿನಿಂದ ಹತ್ತಿ, ಚೀಲ, ಹಾಸಿಗೆ ಸುರುಳಿ, ಮಕ್ಕಳು ಎಲ್ಲ ಒಟ್ಟಿಗೆ ತುರುಕಿದ್ದ ಅಡ್ಡಸೀಟಿನಲ್ಲಿ ಕೂತುಬಿಡುತ್ತಿದ್ದಳು. ಆ ದೊಡ್ಡ ಮೈ ಒಳಗೆ ಬಂದಮೇಲೆ ನಮಗೆಲ್ಲ ಅಲುಗಾಡಲೂ ಜಾಗ ಉಳಿಯುತ್ತಿರಲಿಲ್ಲ. ಆದರೂ ಅತ್ತೆ ಹತ್ತುವವರೆಗೆ ನಮ್ಮ ಪಾಲಿಗೆ ಪ್ರಯಾಣ ಶುರುವಾಗುತ್ತಲೇ ಇರಲಿಲ್ಲ.

ಆಕೆ ನಮ್ಮ ಅಪ್ಪನ ಅಕ್ಕ. ಭಾವಿಕೇರಿಯಲ್ಲಿ ಮನೆ, ಅಂಕೋಲೆಯ ಪೇಟೆಯಲ್ಲಿ ಮೀನು ವ್ಯಾಪಾರ. ಮಾವ ಬೋಟಿಗೆ ಹೋಗುವವರು. ಅಲೆಯ ಮೇಲೆ ವಾರಗಟ್ಟಲೆ ಇರುತ್ತಿದ್ದ ಅವರಿಗೆ ಗಾಡಿ ಹತ್ತಿದರೆ ತಲೆ ತಿರುಗುತ್ತಿತ್ತು. ಹಾಗಾಗಿ ಅತ್ತೆ ಒಬ್ಬಳೇ ಬರುತ್ತಿದ್ದಳು. ದೊಡ್ಡಪ್ಪ ಗದಗಿನಲ್ಲಿ ರೈಲ್ವೆ ಕೆಲಸದಲ್ಲಿದ್ದರು. ಬೇಸಿಗೆ ರಜೆ ಬಂತೆಂದರೆ ನಾವು, ಚಿಕ್ಕಪ್ಪನ ಮನೆಯವರು ಸೇರಿ ಅಲ್ಲಿಗೆ ಹೊರಡುವುದು ರೂಢಿ. ಕಾರವಾರದ ಪಕ್ಕದ ಬಿಣಗಾದ ನಮ್ಮ ಕ್ವಾರ್ಟರ್ಸಿನಿಂದ ಬೆಳಿಗ್ಗೆ ಹೊರಟರೆ, ಭಾವಿಕೇರಿಗೆ ತಿರುಗುವ ದಾರಿಯಲ್ಲಿ ಅತ್ತೆ ಆಗಲೇ ಕೈ ಅಡ್ಡ ಹಿಡಿದು ನಿಂತಿರುತ್ತಿದ್ದಳು.

“ಮಕ್ಕಳು ಅಳೂದು ಹಸಿವಿಗಲ್ಲ, ಕೆಲ್ಸ ಇಲ್ದೆ” ಎನ್ನುವುದು ಆಕೆಯ ಸಿದ್ಧಾಂತ. ಕೂತ ಕೂಡಲೇ ಎಲ್ಲರಿಗೂ ಕೆಲಸ ಹಂಚುತ್ತಿದ್ದಳು. ಒಬ್ಬರು ಸೇತುವೆ ಬಂದಾಗ ಕೂಗಬೇಕು. ಇನ್ನೊಬ್ಬರು ಡ್ರೈವರ್ ಗಣಪತಿಗೆ ತೂಕಡಿಕೆ ಬರದ ಹಾಗೆ ಪ್ರಶ್ನೆ ಕೇಳುತ್ತಿರಬೇಕು. ಚಿಕ್ಕಪ್ಪನ ಪುಟ್ಟ ಮಗಳು ಅತ್ತೆಯ ಬಳೆಗಳು ಸದ್ದಾಗದ ಹಾಗೆ ಹಿಡಿದುಕೊಂಡಿರಬೇಕು. ಆ ಮಹತ್ವದ ಕೆಲಸದಲ್ಲೇ ಅವಳಿಗೆ ನಿದ್ದೆ ಬರುತ್ತಿತ್ತು. ಘಟ್ಟದ ತಿರುವಿನಲ್ಲಿ ವಾಂತಿ ಬರುವ ನನಗೆ ಹುಳಿಹುಳಿ ಒಣ ಮುರುಗಲ ಸಿಪ್ಪೆ ಬಾಯಲ್ಲಿಟ್ಟುಕೊಂಡು, ಅದನ್ನು ಯಲ್ಲಾಪುರದವರೆಗೆ ನುಂಗದೆ ಕಾಯುವ ಕೆಲಸ. ತಿಂಡಿಯ ಚೀಲವನ್ನಂತೂ ಬೇಗ ಬಿಚ್ಚುತ್ತಿರಲಿಲ್ಲ. ಮೂಗು ಹತ್ತಿರ ತಂದು ಒಳಗೇನಿದೆ ಎಂದು ಹೇಳಿದವರಿಗೆ ಮೊದಲ ಪಾಲು.

ಎಲ್ಲಕ್ಕಿಂತ ದೊಡ್ಡದು ಹಾರ್ನ್ ಕಥೆ. ಅತ್ತೆ ಒಂದು ಕಥೆ ಶುರು ಮಾಡುತ್ತಿದ್ದಳು. ಗಣಪತಿ ಹಾರ್ನ್ ಹೊಡೆದ ಕೂಡಲೇ, ಹೇಳುತ್ತಿದ್ದವರು ಮಾತಿನ ನಡುವೆಯೇ ಬಾಯಿ ಮುಚ್ಚಬೇಕು, ಪಕ್ಕದವರು ಮುಂದುವರಿಸಬೇಕು. ಅಂಕೋಲೆ ಪೇಟೆ ದಾಟುವಷ್ಟರಲ್ಲಿ ರಾಜಕುಮಾರ ಕಳ್ಳನಾಗಿ, ಕಳ್ಳ ಕಂಡಕ್ಟರನಾಗಿ, ಕಂಡಕ್ಟರನನ್ನು ಹುಲಿ ತಿಂದು ಆಗಿರುತ್ತಿತ್ತು. ಕಥೆ ಸಪ್ಪೆಯಾಗಿದೆ ಅನಿಸಿದರೆ ಗಣಪತಿ ರಸ್ತೆ ಖಾಲಿಯಿದ್ದರೂ ಹಾರ್ನ್ ಹೊಡೆಯುತ್ತಿದ್ದ.

ಈ ಆಟದಲ್ಲಿ ಬಾಯಿ ಬಿಡದವನು ನನ್ನ ತಮ್ಮ ಮಂಜು ಒಬ್ಬನೇ. ಅವನಿಗೆ ಮಾತು ತೊದಲುತ್ತಿತ್ತು. ಶಾಲೆಯಲ್ಲಿ ಹುಡುಗರು ಅಣಕಿಸಿದ ಮೇಲೆ ಮನೆಯಿಂದ ಹೊರಗೆ ಮಾತಾಡುವುದನ್ನೇ ಬಿಟ್ಟಿದ್ದ. ಟೀಚರು ಏನು ಕೇಳಿದರೂ ನೆಲ ನೋಡುತ್ತಾನೆಂದು ಅಮ್ಮ ಕೊರಗುತ್ತಿದ್ದಳು. ಸರದಿ ಬಂದಾಗ ಅವನು ಕಿಟಕಿಯ ಕಡೆ ತಿರುಗಿ ಕೂತುಬಿಡುತ್ತಿದ್ದ. ಅವನನ್ನು ಬಿಟ್ಟು ಮುಂದೆ ಹೋಗೋಣ ಎಂದು ನಾವು ಗಲಾಟೆ ಮಾಡಿದರೆ ಅತ್ತೆ ಒಪ್ಪುತ್ತಿರಲಿಲ್ಲ. ಮುಂದಿನ ಹಾರ್ನ್ ಆಗುವವರೆಗೆ ಎಲ್ಲರೂ ಸುಮ್ಮನೆ ಕೂರಬೇಕು. ಅವನ ಸರದಿಯಲ್ಲಿ ಕಥೆಯೊಳಗಿನವರೆಲ್ಲ ನಿದ್ದೆ ಮಾಡುತ್ತಿದ್ದಾರೆ ಎಂದು ತಿಳಿದುಕೊಳ್ಳಿ ಎನ್ನುತ್ತಿದ್ದಳು.

ಅದಿರಿನ ಲಾರಿಗಳು ಸಾಲುಗಟ್ಟಿ ಘಟ್ಟ ಇಳಿಯುತ್ತಿದ್ದ ಕಾಲ ಅದು. ದಾರಿಯ ಮರಗಳ ಎಲೆಯೂ ಕೆಂಪಾಗಿರುತ್ತಿತ್ತು. ಒಂದು ವರ್ಷ ಅರಬೈಲ್ ಘಟ್ಟದ ಅರ್ಧದಲ್ಲಿ ಲಾರಿಯೊಂದು ತಿರುವಿಗೆ ಅಡ್ಡ ನಿಂತು ಹಿಂದೆ ಮುಂದೆ ಎಲ್ಲ ಬಂದ್ ಆಯಿತು. ಆ ಸಂಜೆ ಗದಗಿನಲ್ಲಿ ದೊಡ್ಡಪ್ಪನ ಮಗಳ ನಿಶ್ಚಿತಾರ್ಥ. ತಡವಾಗಿ ಹೊರಡಿಸಿದ್ದು ಯಾರು ಎಂದು ಅಪ್ಪನಿಗೂ ಚಿಕ್ಕಪ್ಪನಿಗೂ ಜಗಳ ಹತ್ತಿತು. ಅಮ್ಮ, ಚಿಕ್ಕಮ್ಮ ಒಬ್ಬೊಬ್ಬರು ಒಂದೊಂದು ಕಡೆ ಮುಖ ತಿರುಗಿಸಿ ಕೂತರು. ಸೆಕೆಗೆ ಎಲ್ಲರ ಮೈಯೂ ಅಂಟಂಟು.

ಹಿಂದಿನ ಸೀಟಿನಲ್ಲಿ ಮಾತ್ರ ಬೇರೊಂದು ತೊಡಕು. ಅಂದಿನ ಕಥೆ, ಗದಗ ನೋಡಲು ಹೊರಟ ಬಂಗಡೆ ಮೀನಿನದು. ಗಾಡಿ ನಿಲ್ಲುವ ಮುಂಚಿನ ಕೊನೆಯ ಹಾರ್ನ್‌ಗೆ ಸರದಿ ಮಂಜುವಿನದಾಗಿತ್ತು. ಆಮೇಲೆ ಇಂಜಿನ್ನುಗಳೆಲ್ಲ ಬಂದ್. ಹಾರ್ನೇ ಇಲ್ಲ.

ನಾವು ಕಾದೆವು. ಜಗಳದಿಂದ ಬೇಸತ್ತ ಅಪ್ಪ ಹಿಂದೆ ತಿರುಗಿ, ಅವನನ್ನು ಬಿಟ್ಟು ಬೇರೆ ಯಾರಾದರೂ ಹೇಳಲಿ, ಮಕ್ಕಳಿಗೆ ಹೊತ್ತಾದರೂ ಹೋಗಲಿ ಎಂದರು.

“ಹಾರ್ನ್ ಆಗ್ಲಿಲ್ಲ ತಮ್ಮಾ,” ಎಂದಳು ಅತ್ತೆ. “ಕಥೆ ಅವನ ಹತ್ರ ಅದೆ.”

ಅಷ್ಟು ಹೇಳಿ ಆಕೆ ಮಂಜುವಿನ ಮುಖವನ್ನೂ ನೋಡದೆ ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದಳು. ಅವಸರವೇ ಇಲ್ಲ. ಎಷ್ಟು ಹೊತ್ತಾಯಿತೋ, ಮಂಜು ಕಿಟಕಿಯ ಕಡೆಗೇ ಮುಖ ಮಾಡಿ “ಬ... ಬ... ಬಂಗಡೆಗೆ ನೀರಡಿಕೆ ಆಯ್ತು” ಎಂದ.

ಯಾರೂ ನಗಲಿಲ್ಲ. ಅತ್ತೆ, ಆಗದೇ ಇರುತ್ತದೆಯೇ, ಸೆಕೆ ನೋಡು ಎಂದು ಸಹಜವಾಗಿ ಒಪ್ಪಿದಳು. ಮಂಜು ಮುಂದುವರಿಸಿದ. ಬಂಗಡೆ ಲಾರಿಯಿಂದ ಲಾರಿಗೆ ಹಾರಿ ಡ್ರೈವರುಗಳ ಬಾಟಲಿಯಿಂದ ಒಂದೊಂದು ಗುಟುಕು ಕುಡಿಯಿತು. ಅದಿರಿನ ಧೂಳು ಮೆತ್ತಿ ಕೆಂಪಾಯಿತು. ಇದು ಬಂಗಡೆಯಲ್ಲ, ಮದುಮಗಳು ಎಂದುಕೊಂಡು ಎಲ್ಲರೂ ದಾರಿ ಬಿಟ್ಟರು. ತೊದಲುತ್ತಲೇ, ನಿಂತು ನಿಂತು, ಅವನು ಹೇಳುತ್ತಲೇ ಹೋದ. ನಾವು ನಕ್ಕಿದ್ದು ಕಥೆಗೆ. ಅದು ಗೊತ್ತಾಗಿ ಅವನೂ ನಗತೊಡಗಿದ. ಮುಂದಿನ ಸೀಟುಗಳಲ್ಲಿ ಜಗಳ ಯಾವಾಗ ನಿಂತಿತೋ ತಿಳಿಯಲಿಲ್ಲ. ಅಮ್ಮ ಹಿಂದೆ ತಿರುಗಲಿಲ್ಲ. ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಂಡಿದ್ದು ಮಾತ್ರ ನನಗೆ ಕಂಡಿತು.

ಕೊನೆಗೆ ಲಾರಿ ಸರಿದು ಸಾಲು ಅಲುಗಿತು. ಎದುರಿನ ಬಸ್ಸು ಹಾರ್ನ್ ಹೊಡೆದಾಗ ಮಂಜು ತಟ್ಟನೆ ನಿಲ್ಲಿಸಿದ. ಅದು ನಮ್ಮ ಗಾಡಿಯ ಹಾರ್ನ್ ಅಲ್ಲವೆಂದು ಅತ್ತೆ ತೀರ್ಪು ಕೊಟ್ಟಳು. ಗಣಪತಿ ಆ ಘಟ್ಟ ಮುಗಿಯುವವರೆಗೆ ಹಾರ್ನ್ ಮುಟ್ಟಲಿಲ್ಲ. ತಿರುವು ಬಂದಾಗಲೆಲ್ಲ ಕಿಟಕಿಯಿಂದ ತಲೆ ಹೊರಹಾಕಿ “ಹೋಯ್” ಎಂದು ಕೂಗುತ್ತಾ ನಿಧಾನಕ್ಕೆ ಹತ್ತಿಸಿದ.

ನಾವು ಗದಗ ಮುಟ್ಟುವಷ್ಟರಲ್ಲಿ ನಿಶ್ಚಿತಾರ್ಥ ಮುಗಿದಿತ್ತು. ದೊಡ್ಡಮ್ಮ ಮುಖ ಊದಿಸಿಕೊಂಡಿದ್ದರು. ಆದರೆ ಮಂಜು ಚಪ್ಪಲಿಯನ್ನೂ ಬಿಡದೆ ಒಳಗೆ ಓಡಿ ಬಂಗಡೆಯ ಸುದ್ದಿ ಹೇಳಲು ಶುರುಮಾಡಿದಾಗ, ಬಡಿಸುತ್ತಿದ್ದ ಪಾತ್ರೆ ಕೆಳಗಿಟ್ಟು ಅಲ್ಲೇ ಕೂತರು. ತೊದಲು ಅವನಿಗೆ ಪೂರ್ತಿ ಹೋಗಲಿಲ್ಲ. ಆದರೆ ಆ ಜೂನಿನಲ್ಲಿ ಶಾಲೆ ಶುರುವಾದ ಮೇಲೆ ಅವನ ಬಾಯಿ ಮುಚ್ಚಿಸುವುದೇ ಕಷ್ಟವೆಂದು ಟೀಚರು ದೂರಿದರು. ಅಮ್ಮ ಆ ದೂರನ್ನು ಕೇರಿಯವರಿಗೆಲ್ಲ ಹೇಳಿಕೊಂಡು ಬಂದಳು.

ಇಷ್ಟೆಲ್ಲ ಆಟ ಎಲ್ಲಿ ಕಲಿತೆ ಎಂದು ಒಮ್ಮೆ ಅತ್ತೆಯನ್ನು ಕೇಳಿದ್ದೆ. ಮೀನು ಹೆಚ್ಚುತ್ತಿದ್ದವಳು ಕತ್ತಿ ನಿಲ್ಲಿಸಿದಳು. “ನನ್ ಮಕ್ಳು ಸಣ್ಣೋರಿದ್ದಾಗ ನಾ ಪೇಟೆಲಿ ಕೂತಿರ್ತಿದ್ದೆ. ಅವ್ರು ಯಾರ‍್ಯಾರದೋ ಮಡ್ಲಲ್ಲಿ ದೊಡ್ಡಾದ್ರು. ಈಗ ನಂಗೆ ಪುರಸೊತ್ತು ಬಂದದೆ ಮಗಾ.” ಮತ್ತೆ ಹೆಚ್ಚತೊಡಗಿದಳು.

ಆಕೆಯನ್ನು ಕೊನೆಯ ಸಲ ನೋಡಿದ್ದು ಕಾರವಾರದ ರೈಲು ನಿಲ್ದಾಣದಲ್ಲಿ. ರತ್ನಾಗಿರಿಯಲ್ಲಿದ್ದ ಮಗನಿಗೆ ಮಗುವಾಗಿತ್ತು, ನೋಡಿಕೊಳ್ಳಲು ಹೊರಟಿದ್ದಳು. ಮಂಜು ಚೀಲಗಳನ್ನು ಒಳಗಿಟ್ಟು ಬಂದ. ನಾವೆಲ್ಲ ಕಿಟಕಿಯ ಹತ್ತಿರ ನಿಂತು ಕೈಬೀಸಲು ಕಾದೆವು. ಎದುರಿನ ಸೀಟಿನಲ್ಲಿ ಗುರುತಿಲ್ಲದ ಯಾರದೋ ಮಗು ರಚ್ಚೆ ಹಿಡಿದಿತ್ತು. ಅತ್ತೆ ಅದರ ಕಡೆ ಬಾಗಿ, ಆಚೆ ಕಿಟಕಿಯಲ್ಲಿ ಏನನ್ನೋ ತೋರಿಸುತ್ತಿದ್ದಳು. ಮಗು ಅಳು ಮರೆತು ಕತ್ತು ಚಾಚಿತು. ರೈಲು ಹೊರಟಿತು. ಅತ್ತೆ ನಮ್ಮ ಕಡೆ ತಿರುಗಲೇ ಇಲ್ಲ.

ಒಂದು ಸಲ ನೋಡಬಾರದಿತ್ತೇ ಎಂದು ಅಮ್ಮ ಗೊಣಗಿದಳು. ಮುಂದಿನ ಮಳೆಗಾಲದಲ್ಲಿ ರತ್ನಾಗಿರಿಯಿಂದ ಅತ್ತೆ ಇನ್ನಿಲ್ಲವೆಂಬ ಸುದ್ದಿ ಬಂದಾಗ ಅಮ್ಮನಿಗೆ ಮತ್ತೆ ನೆನಪಾದದ್ದೂ ಅದೇ. ಆದರೆ ಆ ದಿನ ಪ್ಲಾಟ್‌ಫಾರ್ಮಿನ ಮೇಲೆ ಮಂಜುವಿಗೂ ನನಗೂ ನಗು ತಡೆಯಲಾಗಿರಲಿಲ್ಲ. ಆಚೆ ಕಿಟಕಿಯಲ್ಲಿ ಇದ್ದದ್ದು ಬರೀ ಒಂದು ಗೋಡೆ. ಅದರಲ್ಲಿ ಆಕೆ ಆ ಮಗುವಿಗೆ ಏನು ತೋರಿಸಿದಳೋ.