ಕರೆಂಟು ಬಂದ ಹೊತ್ತಿನ ಪಾಠ

ನಮ್ಮ ಹಟ್ಟಿಯಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಹೆಣ್ಣುಮಕ್ಕಳಲ್ಲಿ ಮೊದಲು ಅಂತಲ್ಲ, ಗಂಡು ಹೆಣ್ಣು ಎಲ್ಲ ಸೇರಿಸಿಯೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹುಳಿಯಾರಿನ ಹೈಸ್ಕೂಲಿಗೆ ನಡೆದು ಹೋಗಿ ಓದಿದೆ. ತಿಪಟೂರಿನ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಮುಗಿಸಿದೆ. ಆಮೇಲೆ ಹಟ ಹಿಡಿದು ಬಿ.ಎಡ್. ಮಾಡಿದೆ. ಅಪ್ಪನಿಗೆ ಕುರಿ ಬಿಟ್ಟರೆ ಬೇರೆ ಲೋಕ ಗೊತ್ತಿರಲಿಲ್ಲ. ನಾನು ಓದಿದ್ದೇನು ಎಂದು ಯಾರಾದರೂ ಕೇಳಿದರೆ, ‘ಭಾಳ ಓದವ್ಳೆ’ ಎನ್ನುತ್ತಿದ್ದ, ಅಷ್ಟೆ.

ಕೆಲಸ ಸಿಕ್ಕಿದ್ದು ಶೆಟ್ಟಿಕೆರೆಗೂ ಹಂದನಕೆರೆಗೂ ನಡುವಿನ ಒಂದು ಊರಿನ ಶಾಲೆಯಲ್ಲಿ. ಖಾಸಗಿ ಶಾಲೆ, ಕನ್ನಡ ಮಾಧ್ಯಮ, ಅನುದಾನವಿಲ್ಲ. ಅದನ್ನು ಕಟ್ಟಿಸಿದವರು ಆ ಊರಿನ ದೊಡ್ಡ ತೆಂಗಿನ ತೋಟದವರು. ಶಾಲೆಯ ಕಮಿಟಿಗೆ ಸೆಕ್ರೆಟರಿಯಾದ್ದರಿಂದ ಊರಿಗೆಲ್ಲ ಅವರು ಸೆಕ್ರೆಟರಿ. ಒಳ್ಳೆಯ ಮನುಷ್ಯ. ಮಕ್ಕಳಿಗೆ ಬಾಯಾರಿದರೆ ತೋಟದಿಂದ ಎಳನೀರು ಇಳಿಸಿ ಕಳಿಸುತ್ತಿದ್ದರು. ಆದರೆ ಬೇಸಿಗೆಯಲ್ಲಿ ಅವರ ತಲೆಯಲ್ಲಿ ಶಾಲೆಗಿಂತ ಬೋರ್‌ವೆಲ್ಲೇ ಹೆಚ್ಚು ಓಡುತ್ತಿತ್ತು. ಅದು ತಪ್ಪಲ್ಲ, ನಮ್ಮ ಸೀಮೆಯೇ ಹಾಗೆ.

ನಾನು ವಿಜ್ಞಾನದ ಮೇಡಂ. ನನ್ನ ಬಂಡವಾಳವೆಂದರೆ ಬಣ್ಣದ ಸೀಮೆಸುಣ್ಣ. ಓದುವಾಗ ಅಚ್ಚು ಹಾಕಿದ ಚಾರ್ಟು ಕೊಳ್ಳಲಾಗದೆ ಪುಸ್ತಕ ನೋಡಿ ನೋಡಿ ಬರೆದೇ ಕೈ ಪಳಗಿತ್ತು. ಮನುಷ್ಯನ ಕಿವಿಯ ಚಿತ್ರವನ್ನು ಪುಸ್ತಕ ಮುಟ್ಟದೆ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹೊರಗಿನ ಹಾಲೆ, ಒಳಗಿನ ತಮಟೆ, ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳು, ಕೊನೆಗೆ ಬಸವನಹುಳುವಿನಂತೆ ಸುತ್ತಿಕೊಂಡ ಶಂಖ. ಮೊದಲ ವರ್ಷಗಳಲ್ಲಿ ನಾನು ಆ ಶಂಖ ಸುತ್ತುವಾಗ ಕ್ಲಾಸು ಉಸಿರು ಬಿಡುತ್ತಿರಲಿಲ್ಲ. ಬೆಲ್ಲು ಹೊಡೆದ ಮೇಲೂ ಯಾರೂ ಅದನ್ನು ಅಳಿಸುತ್ತಿರಲಿಲ್ಲ. ಮುಂದಿನ ಪೀರಿಯಡ್ಡಿನ ಮೇಷ್ಟ್ರು ಬೈದುಕೊಂಡು ಅಳಿಸಬೇಕಿತ್ತು.

ಎರಡು ಸಾವಿರದ ಆ ದಶಕ ಮುಗಿಯುತ್ತ ಬಂದಂತೆ ಕ್ಲಾಸು ಬದಲಾಯಿತು. ಮನೆಗೊಂದು ಮೊಬೈಲ್ ಬಂತು. ಬಂದದ್ದು ಅಪ್ಪನ ಜೇಬಿಗೆ, ಉಳಿದದ್ದು ಮಕ್ಕಳ ಕೈಯಲ್ಲಿ. ಹುಳಿಯಾರಿನ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು, ಸಿನಿಮಾ ತುಂಬಿಸಿಕೊಂಡು ಬಂದು ಬೆಂಚಿನ ಕೆಳಗೆ ನೋಡುತ್ತಿದ್ದವು. ಕಸಿದುಕೊಂಡರೆ, ‘ಮಿಸ್, ಆಫ್ ಮಾಡೋಕೆ ಆ ಕೆಂಪು ಬಟನ್ನು’ ಎಂದು ನನಗೇ ಹೇಳಿಕೊಡುತ್ತಿದ್ದವು.

ಒಂದು ದಿನ ಕಿವಿಯ ಪಾಠ. ಶಂಖ ಸುತ್ತಿ ತಿರುಗಿದೆ. ಎರಡನೇ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು.

“ಮಿಸ್, ಇದು ಹಿಂಗೇ ನಿಂತಿರ್ತದಾ?”

“ಹಿಂಗೇ ಅಂದ್ರೆ?”

“ಅಲ್ಲಾಡಲ್ವಾ ಅಂತ. ನಮ್ಮ ಚಿಕ್ಕಪ್ಪನ ಮಗಳು ತಿಪಟೂರಿಗೆ ಹೋಗ್ತಾಳಲ್ಲ, ಅವರ ಸ್ಕೂಲಲ್ಲಿ ಕಂಪ್ಯೂಟ್ರನಾಗೆ ಕಿವಿ ಅಲ್ಲಾಡ್ತದಂತೆ.”

“ಕತ್ತೆ ಕಿವಿ ಇರ್ಬೇಕು ಕಣೇ,” ಎಂದು ಹಿಂದಿನಿಂದ ಯಾರೋ ಅಂದರು. ಕ್ಲಾಸು ಹೋ ಎಂದು ನಕ್ಕಿತು. ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ? ಬೆಲ್ಲು ಹೊಡೆದ ಕೂಡಲೇ ಒಬ್ಬ ಡಸ್ಟರ್ ತೆಗೆದುಕೊಂಡು ಇಡೀ ಚಿತ್ರ ಅಳಿಸಿದ.

ತಿಪಟೂರಿನ ಆ ಶಾಲೆಯ ಹಳದಿ ವ್ಯಾನು ಮೊದಲು ಟಾರು ರಸ್ತೆಯವರೆಗೆ ಬರುತ್ತಿತ್ತು, ಆಮೇಲೆ ಊರೊಳಗೇ ಬಂದಿತ್ತು. ಒಂದೊಂದು ಜೂನ್‌ಗೂ ನಮ್ಮ ಎಂಟನೇ ಕ್ಲಾಸು ತೆಳ್ಳಗಾಗುತ್ತ ಬಂದಿತ್ತು. ಆ ಕಿವಿಯ ಪಾಠದ ವರ್ಷವೇ ಒಂದು ಸಂಜೆ ಸೆಕ್ರೆಟರಿ ನನ್ನನ್ನು ಕರೆಸಿದರು.

“ನೋಡಮ್ಮ, ಮುಂದಿನ ವರ್ಷ ಎಂಟನೇ ಕ್ಲಾಸಿಗೆ ಮಕ್ಕಳು ಸೇರದಿದ್ರೆ ಹೈಸ್ಕೂಲು ಮುಚ್ಚೋದೇಯ. ಆಮೇಲೆ ನಿಮ್ಮನ್ನ ಇಟ್ಕೊಂಡು ನಾನೇನ್ ಮಾಡ್ಲಿ?”

“ನಾನೇನು ಮಾಡ್ಬೇಕು ಹೇಳಿ ಸಾರ್.”

“ಕಂಪ್ಯೂಟ್ರಲ್ಲಿ ಪಾಠ ಮಾಡಿ ತೋರಿಸ್ಬೇಕು. ಮಿಷಿನ್ನು, ಗೋಡೆ ಮ್ಯಾಲೆ ಬುಡೋ ಪ್ರೊಜೆಕ್ಟರು, ಎಲ್ಲ ನಾನು ತತ್ತೀನಿ. ಏಳನೇ ಕ್ಲಾಸಿನ ಮಕ್ಕಳ ಅಪ್ಪ ಅಮ್ಮಂದಿರನ್ನ ಕರುಸ್ತೀನಿ. ಅವರ ಮುಂದೆ ನೀವೇ ಒಂದು ಪಾಠ ಓಡ್ಸಿ. ಒಪ್ಪುದ್ರೆ ಸ್ಕೂಲು ಉಳೀತು.”

ಸ್ಕೂಲು ಉಳಿದರೆ ನಾನು ಉಳಿದೆ ಎಂದರ್ಥ. ಬೇರೆ ಎಲ್ಲಿ ಕೇಳಿದರೂ ಮೊದಲ ಪ್ರಶ್ನೆ ಕಂಪ್ಯೂಟರ್ ಬರುತ್ತಾ ಎಂಬುದೇ ಆಗಿತ್ತು. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ವಯಸ್ಸು ಮೀರುತ್ತಿತ್ತು. ಈ ಕೆಲಸವೂ ಹೋದರೆ ನಾನು ಓದಿದವಳು ಎನ್ನುವುದಕ್ಕೆ ಹಟ್ಟಿಯಲ್ಲಿ ಗುರುತೇ ಉಳಿಯುತ್ತಿರಲಿಲ್ಲ. ಮತ್ತೆ ಕುರಿಗೆ ಸೊಪ್ಪು ತರುವವಳು.

ಭಾನುವಾರ ಭಾನುವಾರ ಚಿಕ್ಕನಾಯಕನಹಳ್ಳಿಯ ಕಂಪ್ಯೂಟರ್ ಸೆಂಟರಿಗೆ ಹೋದೆ. ನನ್ನ ಪಕ್ಕದ ಕುರ್ಚಿಗಳಲ್ಲೆಲ್ಲ ನನ್ನ ವಿದ್ಯಾರ್ಥಿಗಳ ವಯಸ್ಸಿನ ಮಕ್ಕಳು. ಕಲಿಸುವವನು ಮೀಸೆ ಚಿಗುರುತ್ತಿದ್ದ ಹುಡುಗ.

“ಆಂಟಿ, ಅದನ್ನ ಹಿಚುಕಬೇಡಿ. ಅದು ನಿಂಬೆಹಣ್ಣಲ್ಲ, ಮೌಸು.”

ಬೆರಳು ಸಡಿಲ ಬಿಟ್ಟರೆ ಬಾಣದ ಗುರುತು ಪರದೆಯ ಮೂಲೆಗೆ ಓಡಿಹೋಗುತ್ತಿತ್ತು. ಎರಡು ಸಲ ಬೇಗ ಒತ್ತಿ ಅಂದರೆ ನನ್ನ ಎರಡನೆಯ ಒತ್ತು ತಡವಾಗುತ್ತಿತ್ತು. ಕೊನೆಗೆ ಆ ಹುಡುಗ ನನ್ನ ತೋರುಬೆರಳನ್ನು ಹಿಡಿದು ಟಕ್ ಟಕ್ ಎಂದು ಒತ್ತಿಸಿದ. ಆಗ ನನಗೆ ಅಪ್ಪ ಸೊಸೈಟಿಯಲ್ಲಿ ಹೆಬ್ಬೆಟ್ಟು ಒತ್ತುವುದು ನೆನಪಾಯಿತು. ಗುಮಾಸ್ತೆ ಅವನ ಹೆಬ್ಬೆರಳನ್ನು ಹೀಗೇ ಹಿಡಿದು, ಮಸಿಗೆ ಅದ್ದಿ, ಕಾಗದದ ಮೇಲೆ ಇಡುತ್ತಿದ್ದ. ಆ ಕೈ ಹಿಡಿತದಿಂದ ತಪ್ಪಿಸಿಕೊಳ್ಳಲೆಂದೇ ನಾನು ಅಷ್ಟು ವರ್ಷ ಓದಿದ್ದು. ಅಷ್ಟು ಓದಿ ಮತ್ತೆ ಅಲ್ಲಿಗೇ ಬಂದು ನಿಂತಿದ್ದೆ. ಬಸ್‌ ಸ್ಟ್ಯಾಂಡಿನಲ್ಲಿ ನಿಂತು ಅತ್ತೆ. ಪಕ್ಕದಲ್ಲಿದ್ದ ಹೆಂಗಸು ಯಾರೋ ತೀರಿಕೊಂಡಿರಬೇಕು ಅಂದುಕೊಂಡು, ‘ಸಮಾಧಾನ ಮಾಡ್ಕಳವ್ವ’ ಎಂದಳು.

ಆದರೂ ಕಲಿತೆ. ಪಾಠದ ಸಿ.ಡಿ. ಬಂತು. ಕಿವಿಯ ಪಾಠವನ್ನೇ ಆರಿಸಿಕೊಂಡೆ, ಅದರಲ್ಲಾದರೂ ನನಗೆ ಧೈರ್ಯವಿತ್ತು. ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಕೂರಿಸಿಕೊಂಡು ಅಭ್ಯಾಸ ಮಾಡಿದೆ. ನನ್ನ ಬಾಣ ದಾರಿ ತಪ್ಪಿದಾಗೆಲ್ಲ ಇಡೀ ಕ್ಲಾಸು ದಾರಿ ಹೇಳುತ್ತಿತ್ತು. “ಮ್ಯಾಲೆ ಮಿಸ್, ಇನ್ನೂ ಮ್ಯಾಲೆ... ಅಯ್ಯೋ, ಅದಲ್ಲ!” ಅದೇ ಎರಡನೇ ಬೆಂಚಿನ ಹುಡುಗಿ, “ಮಿಸ್, ನೀವು ಸುಮ್ನೆ ಪಕ್ಕದಲ್ಲಿ ನಿಂತ್ಕಳಿ, ನಾವೇ ಓಡುಸ್ತೀವಿ,” ಎಂದಳು. ಪ್ರೀತಿಯಿಂದಲೇ ಅಂದಳು. ನಾನು ಬೇಡವೆಂದೆ. ಅಪ್ಪ ಅಮ್ಮಂದಿರು ನನ್ನ ಕೈಯನ್ನೇ ನೋಡಬೇಕಿತ್ತು.

ಇನ್ನು ಸಭೆಯ ಹೊತ್ತು. ನಮ್ಮ ಕಡೆ ಆಗ ಹಗಲಲ್ಲಿ ಕರೆಂಟು ಪಾಳಿಯ ಮೇಲೆ ಬರುತ್ತಿತ್ತು. ಬಂದರೆ ಮೋಟಾರು ಓಡಿಸುವ ತ್ರೀ ಫೇಸ್, ಇಲ್ಲದಿದ್ದರೆ ಏನೂ ಇಲ್ಲ. ಅದು ಬಂದ ಕೆಲವೇ ಗಂಟೆಯಲ್ಲಿ ತೋಟಕ್ಕೆಲ್ಲ ನೀರು ಹಾಯಿಸಿಕೊಳ್ಳಬೇಕು. ಮೋಟಾರು ತಾನಾಗಿ ಚಾಲೂ ಆದರೂ ಗೇಟ್‌ವಾಲ್ ತಿರುಗಿಸಲು, ಒಂದು ಸಾಲಿನಿಂದ ಇನ್ನೊಂದಕ್ಕೆ ನೀರು ಬಿಡಲು ಆಳು ಅಲ್ಲಿರಬೇಕು. ಊರಿನ ನಲ್ಲಿಗೂ ನೀರು ಆಗಲೇ.

“ಕರೆಂಟ್ ಇಲ್ದಿರೋ ಹೊತ್ನಾಗೇ ಸಭೆ ಇಡ್ಬೇಕು ಕಣಮ್ಮ,” ಎಂದರು ಸೆಕ್ರೆಟರಿ. “ಇಲ್ದಿದ್ರೆ ನರಪಿಳ್ಳೆ ಬರಲ್ಲ.”

“ಮತ್ತೆ ಪ್ರೊಜೆಕ್ಟರಿಗೆ, ಸಾರ್?”

“ಬ್ಯಾಟ್ರಿ ತಂದಿಲ್ವಾ? ಒಂದು ಗಂಟೆ ಧಾರಾಳ ಬತ್ತದೆ.”

ಅವರ ಮಾತು ಸರಿಯಾಗಿಯೇ ಇತ್ತು. ಕರೆಂಟಿಲ್ಲದ ಹೊತ್ತಾದ್ದರಿಂದ ಜನ ಬಂದರು. ಬಿಸಿಲು ಏರುತ್ತಿದ್ದ ದಿನಗಳು. ಗಂಡಸರು ಟವೆಲ್ಲು ಬೀಸಿಕೊಳ್ಳುತ್ತ ಒಂದು ಕಡೆ, ಹೆಂಗಸರು ಒಂದು ಕಡೆ, ಮುಂದೆ ಬೆಂಚುಗಳಲ್ಲಿ ನನ್ನ ಒಂಬತ್ತನೇ ಕ್ಲಾಸು. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದ್ದೆವು. ಸೆಕ್ರೆಟರಿ ಮೊದಲು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಗಣಪತಿಯ ಪಟ ಮೂಡಿಸಿದರು. ಜನ ಕೈ ಮುಗಿದರು. ಪಟ ಗೋಡೆಯ ಮೇಲೆ ಇರುವಾಗಲೇ ಅವರು ಮಾತು ಶುರು ಮಾಡಿದರು. ಶಾಲೆ ಕಟ್ಟಿದ ಕಥೆ, ಅಡಿಪಾಯದ ಕಲ್ಲು, ಅವರ ತಾತ. ನಾನು ಹತ್ತಿರ ಹೋಗಿ, “ಸಾರ್, ಬ್ಯಾಟ್ರಿ...” ಎಂದೆ.

“ದೇವ್ರನ್ನ ಮಧ್ಯದಲ್ಲಿ ಆರಿಸ್ಬಾರ್ದು, ತಡೀಮ್ಮ.”

ದೇವರು ತಾನಾಗಿಯೇ ಆರಿದ. ಬ್ಯಾಟರಿ ಪೆಟ್ಟಿಗೆ ಕುಯ್ಯೋ ಎಂದು ಕೂಗಿ ಸುಮ್ಮನಾಯಿತು. ಕತ್ತಲಲ್ಲಿ ಯಾರೋ ನಕ್ಕರು. “ಸೆಕ್ರೆಟ್ರಿಗಳ ಭಾಷಣಕ್ಕೆ ಬ್ಯಾಟ್ರಿನೇ ನಿದ್ದೆ ಹೋಯ್ತು ಕಣ್ಲಾ.” ಕಂಬಳಿ ಸರಿಸಿ ಬೆಳಕು ಮಾಡಿದೆವು. ಜನ ಎದ್ದು ಹೋಗಲಿಲ್ಲ, ಪಾಪ. ಹೋಗಲು ಅವರಿಗೂ ಬೇರೆ ಕೆಲಸವಿರಲಿಲ್ಲ. ಬೋರ್ಡಿನ ಮೇಲೆ ಪಾಠ ಮಾಡಲೇ ಎಂದು ಸೆಕ್ರೆಟರಿಯನ್ನು ಕೇಳಿದೆ. “ಅದನ್ನ ನೋಡೋಕೆ ಇವ್ರು ಬಂದಿಲ್ಲಮ್ಮ,” ಎಂದರು.

ನಾನು ಮನಸ್ಸಿನಲ್ಲೇ ನಮ್ಮ ಹಟ್ಟಿಯ ದೇವರಿಗೆ ಹರಕೆ ಹೊತ್ತೆ. ಕರೆಂಟು ಬರಲಿ, ಒಂದೇ ಒಂದು ಪಾಠದಷ್ಟು ಹೊತ್ತು ಬರಲಿ.

ಬಂತು. ಪಾಳಿಗಿಂತ ಮೊದಲೇ ಬಂತು. ಟ್ಯೂಬ್‌ಲೈಟು ಮಿಣುಕಿತು, ಪ್ರೊಜೆಕ್ಟರಿನ ಫ್ಯಾನು ಗುಂಯ್ ಎಂದಿತು, ಮಕ್ಕಳು ಚಪ್ಪಾಳೆ ತಟ್ಟಿದವು. ನಾನು ಕುರ್ಚಿಗೆ ಓಡಿದೆ. ಅಷ್ಟರಲ್ಲಿ ಗಂಡಸರ ಜೇಬಿನಲ್ಲಿ ಮೊಬೈಲುಗಳು ಒಂದರ ಹಿಂದೆ ಒಂದು ಕೂಗತೊಡಗಿದವು. ಯಾರೂ ಎತ್ತಿ ಮಾತಾಡಲಿಲ್ಲ. ಮನೆಯಿಂದ ಬಂದ ಮಿಸ್ ಕಾಲ್‌ಗಳು ಅವು. ಕರೆಂಟು ಬಂದಿದೆ ಎನ್ನುವುದಕ್ಕೆ ಅಷ್ಟು ಸಾಕು. ಸಾಲು ಸಾಲಾಗಿ ಎದ್ದರು.

“ಬತ್ತೀವಿ ಮೇಡಮ್ಮೋರೆ. ಹೊತ್ತು ಮೀರುದ್ರೆ ಹೊಂಬಾಳೆ ಒಣಗ್ತವೆ.”

“ಒಂದೇ ಪಾಠ, ಕೂತ್ಕೊಳ್ಳಿ. ದಮ್ಮಯ್ಯ, ಕಾಲು ಗಂಟೆ.”

“ಕಾಲು ಗಂಟೆನಾಗೆ ಅರ್ಧ ಸಾಲು ಹಾಯ್ತದೆ ಕಣವ್ವ.”

ಹೆಂಗಸರು ನಲ್ಲಿಗೆ ಎದ್ದರು. ಬಾಗಿಲಲ್ಲಿ ಸೆಕ್ರೆಟರಿ ತಡೆಯುತ್ತಾರೆ ಅಂದುಕೊಂಡೆ. ಅವರು ಚಪ್ಪಲಿ ಮೆಟ್ಟುತ್ತಿದ್ದರು. “ಶುರು ಮಾಡಿರಮ್ಮ, ಗೇಟ್‌ವಾಲ್ ತಿರುಗಿಸಿ ಬಂದೇ ಬುಟ್ಟೆ.”

ಉಳಿದವರು ಗಂಡ ಹೆಂಡತಿ ಇಬ್ಬರೇ, ನಮ್ಮವರೇ, ಪಕ್ಕದ ಹಟ್ಟಿಯವರು. ನೀವು ಹೋಗಬೇಕಿಲ್ಲವೇ ಎಂದರೆ ಹೆಂಗಸು, “ನಮ್ಗೆಲ್ಲೈತವ್ವ ಮೋಟ್ರು,” ಎಂದಳು.

ಅವರಿಗಾದರೂ ತೋರಿಸೋಣ ಎಂದು ಮತ್ತೆ ಕಂಬಳಿ ಎಳೆಸಿ ಒತ್ತಿದೆ. ಟಕ್ ಟಕ್. ಸರಿಯಾಗಿ ಒತ್ತಿದೆ. ಗೋಡೆಯ ಮೇಲೆ ಗೋಡೆಯಷ್ಟೇ ದೊಡ್ಡ ಕಿವಿ ಬಿಚ್ಚಿಕೊಂಡಿತು. ಅಲೆ ಅಲೆಯಾಗಿ ಶಬ್ದ ಒಳಗೆ ಹೋಯಿತು, ತಮಟೆ ನಡುಗಿತು, ಸುತ್ತಿಗೆ ಅಡಿಗಲ್ಲನ್ನು ಬಡಿಯಿತು. ಮಕ್ಕಳ ಬಾಯಿ ತೆರೆದಿತ್ತು. ಎಷ್ಟು ವರ್ಷದ ಮೇಲೆ ನನ್ನ ಕ್ಲಾಸಿನಲ್ಲಿ ಆ ಮುಖಗಳನ್ನು ಕಂಡೆನೋ! ಆದರೆ ಪಾಠ ಹೇಳುತ್ತಿದ್ದವಳು ನಾನಲ್ಲ, ಸಿ.ಡಿ.ಯೊಳಗಿನ ಯಾವುದೋ ಹೆಣ್ಣುದನಿ. ನಾನು ಇದ್ದೇನೋ ಇಲ್ಲವೋ ಯಾರಿಗೂ ಬೇಕಿರಲಿಲ್ಲ.

ಊರ ಸುತ್ತಿನ ಮೋಟಾರುಗಳೆಲ್ಲ ಅಷ್ಟು ಹೊತ್ತಿಗೆ ಚಾಲೂ ಆಗಿರಬೇಕು. ವೋಲ್ಟೇಜು ಬಿತ್ತು. ಪ್ರೊಜೆಕ್ಟರಿನ ಬೆಳಕು ಮಂಕಾಯಿತು, ಕಿವಿ ಕುಗ್ಗಿ ಕುಗ್ಗಿ ಮಾಯವಾಯಿತು, ಕಂಪ್ಯೂಟರು ಆರಿ ಮತ್ತೆ ತಾನೇ ಹೊತ್ತಿಕೊಳ್ಳಲು ನೋಡಿ ಮತ್ತೆ ಆರಿತು.

ನಾನು ಕಂಬಳಿ ಸರಿಸಿ, ಸೀಮೆಸುಣ್ಣ ಹಿಡಿದು ಬೋರ್ಡಿಗೆ ತಿರುಗಿದೆ. “ನೋಡಿ, ಶಬ್ದ ತಮಟೆಗೆ ಬಡಿದ ಮೇಲೆ...” ಎಂದು ಹಾಲೆ ಬರೆದೆ, ತಮಟೆ ಬರೆದೆ, ಮೂಳೆ ಮೂರೂ ಬರೆದೆ. ಅಷ್ಟು ಚೆನ್ನಾಗಿ ಅದಕ್ಕೂ ಮೊದಲು ಎಂದೂ ಬರೆದಿರಲಿಲ್ಲ. ಶಂಖ ಸುತ್ತಿ ಹಿಂತಿರುಗಿದರೆ ಒಂದು ಮುಖವೂ ನನ್ನ ಕಡೆ ಇರಲಿಲ್ಲ. ಎಲ್ಲ ಮಕ್ಕಳೂ ಪಕ್ಕದ ಖಾಲಿ ಗೋಡೆಯನ್ನು ನೋಡುತ್ತಿದ್ದವು.

“ಇಲ್ಲಿ ನೋಡ್ರೋ,” ಎಂದೆ. ನನ್ನ ದನಿ ಕಿರುಚಿದಂತಿತ್ತು.

“ತಡೀರಿ ಮಿಸ್,” ಎಂದಳು ಎರಡನೇ ಬೆಂಚಿನ ಹುಡುಗಿ, ಗೋಡೆಯಿಂದ ಕಣ್ಣು ತೆಗೆಯದೆ. “ಇನ್ನೊಂದ್ಸಲ ಆನ್ ಆಗ್ತದೆ.”

ಹಟ್ಟಿಯ ಆ ಗಂಡ ಹೆಂಡತಿಯೂ ಗೋಡೆಯನ್ನೇ ನೋಡುತ್ತಿದ್ದರು.

ಸಂಜೆ ಸೆಕ್ರೆಟರಿ ಮೊಣಕಾಲವರೆಗೂ ಕೆಸರು ಮಾಡಿಕೊಂಡು ಬಂದರು. ಅವರ ಹಿಂದೆಯೇ ಏಳನೇ ಕ್ಲಾಸಿನ ಹುಡುಗನೊಬ್ಬನ ಅಪ್ಪ. ಆತ ನನ್ನ ಮುಖ ನೋಡದೆ, “ಬೇಜಾರ್ ಮಾಡ್ಕಬೇಡಿ ಮೇಡಮ್ಮೋರೆ. ನಾವು ನಾಕೈದು ಮನೆಯವ್ರು ಮಾತಾಡ್ಕಂಡ್ವಿ. ಹುಡುಗ್ರನ್ನ ತಿಪಟೂರಿಗೇ ಹಾಕ್ತೀವಿ. ಅಲ್ಲಿ ಜನರೇಟ್ರು ಐತಂತೆ,” ಎಂದ. ಆತ ಹೋದ ಮೇಲೆ ಸೆಕ್ರೆಟರಿ ಕಾಲಿನ ಕೆಸರು ಕೆರೆಯುತ್ತ ಕೂತರು.

“ಈಗಿರೋ ಮಕ್ಕಳು ಹತ್ತು ಮುಗಿಸೋವರ್ಗೂ ನಡುಸ್ತೀನಮ್ಮ,” ಎಂದರು. “ಅಷ್ಟರೊಳಗೆ ನೀವು ಬೇರೆ ಕಡೆ ನೋಡ್ಕಳಿ.”

ಹಟ್ಟಿಗೆ ಬಂದಾಗ ಅಪ್ಪ ಕುರಿದೊಡ್ಡಿಯ ಬೇಲಿಗೆ ಮುಳ್ಳು ಕಟ್ಟುತ್ತಿದ್ದ. ಬೆಳಿಗ್ಗೆ ನಾನು ಹೊರಟಾಗಿನಿಂದ ಅವನಿಗೆ ಅದೇ ಯೋಚನೆ.

“ಏನಾಯ್ತು ಮಗ? ಉಳೀತಾ ಸ್ಕೂಲು?”

“ಇಲ್ಲ ಕಣಪ್ಪ.”

“ಕರೆಂಟು ಕೈ ಕೊಡ್ತಾ?”

“ಇಲ್ಲ. ಬಂತು.”

“ಬಂತಲ್ಲ, ಮತ್ತೇನು?” ಎಂದ ಅಪ್ಪ. ಮುಳ್ಳಿನ ಕೊಂಬೆ ಕೈಯಲ್ಲೇ ಹಿಡಿದು ಕಾದ. ಹಟ್ಟಿಗೆಲ್ಲ ಓದಿದವಳು ನಾನು. ಬ್ಯಾಗು ಕೆಳಗಿಟ್ಟು, ಬೇಲಿಯ ಇನ್ನೊಂದು ಕಡೆಯಿಂದ ಹಗ್ಗ ಹಿಡಿದುಕೊಂಡೆ.