ಕೋವಿಯಿಲ್ಲದೆ ಹಕ್ಕಿ ನೋಡಲು ಹೋದದ್ದು

ಇವತ್ತು ನನ್ನನ್ನು ಮರದ ವ್ಯಾಪಾರಿ ಮಾಡಿಬಿಟ್ಟರು, ಗೆಳೆಯರೇ! ಸುಂಟಿಕೊಪ್ಪದ ಹತ್ತಿರ ತೋಟವೊಂದರ ಅಂಚಿನಲ್ಲಿ ನಿಂತು, ಮರದ ಪೊಟರೆಯಲ್ಲಿದ್ದ, ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯ ಗೂಡನ್ನು ದುರ್ಬೀನಿನಲ್ಲಿ ನೋಡುತ್ತಿದ್ದೆ. ತೋಟದ ಒಡತಿ ಕತ್ತಿ ಹಿಡಿದೇ ಬಂದರು.

“ನಮ್ಮ ಮೈದುನ ಕಳ್ಸಿದ್ದಾ? ಈ ಮರ ಮಾರೋದಿಲ್ಲ ಅಂತ ಹೇಳಿ ಅವ್ನಿಗೆ!”

“ಇಲ್ಲಮ್ಮ, ನಾನು ಹಕ್ಕಿ ನೋಡೋಕೆ ಬಂದೋನು.”

“ಹಾಗಾದ್ರೆ ಕೋವಿ ಎಲ್ಲಿ?”

ಈ ಕೊಡಗಿನಲ್ಲಿ ಹಕ್ಕಿ ನೋಡೋದು ಅಂದರೆ ಬೇಟೆ ಅಂತಲೇ ಅರ್ಥ! ದುರ್ಬೀನು ಎತ್ತಿ ತೋರಿಸಿದೆ. ಅತ್ತ ಗಂಡು ಹಕ್ಕಿ ಕೊಕ್ಕಿನಲ್ಲಿ ಹಣ್ಣು ಹಿಡಿದು ಬರುತ್ತಿತ್ತು, ನಮ್ಮನ್ನು ಕಂಡು ಹಿಂದಿರುಗುತ್ತಿತ್ತು. ಮೊಟ್ಟೆಯಿಡಲು, ಸಣ್ಣ ಸೀಳು ಮಾತ್ರ ಬಿಟ್ಟು ಪೊಟರೆಯ ಬಾಯಿ ಮುಚ್ಚಿಕೊಂಡು ಒಳಗೆ ಕೂತ ಹೆಣ್ಣು ಹಕ್ಕಿಗೆ ಅದೇ ಊಟ.

“ನಾವಿಬ್ರೂ ಸ್ವಲ್ಪ ದೂರ ಹೋಗೋಣಮ್ಮ.”

“ನೀವು ಹೋಗಿ. ನಾನು ಕದಲೋದಿಲ್ಲ.”

ಹೊರಟೆ. ತಿರುವಿನಿಂದ ನೋಡಿದರೆ, ಮರದ ಬುಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮರವೇನೋ ಉಳಿಯಿತು, ಹೆಣ್ಣು ಹಕ್ಕಿಯ ಊಟ ಮಾತ್ರ ಗಂಡಿನ ಕೊಕ್ಕಿನಲ್ಲಿ ಇನ್ನೂ ಗಾಳಿಯಲ್ಲೇ ಸುತ್ತುತ್ತಿತ್ತು.